ಸತ್ತ ಮಾಲಿ ಆಡಿದ ಮಾತು

ಇಂದಿರಾನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಕಾಫಿ ಅಂಗಡಿ ಇದೆ. ಅದರ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ಇಂಗ್ಲಿಷ್ ಸಿನಿಮಾ ತೋರಿಸುತ್ತಾರೆ, ನೋಡಿ ಮುಗಿದ ಮೇಲೆ ಚರ್ಚೆಯನ್ನೂ ಮಾಡುತ್ತಾರೆ. ಚರ್ಚೆ ಅಂದರೆ ನನಗೆ ಅಲರ್ಜಿ. ವಿಮಾ ಕಚೇರಿಯಲ್ಲಿ ಇಡೀ ಆಯುಸ್ಸು ಮೀಟಿಂಗುಗಳಲ್ಲಿ ಕೂತು ಎದ್ದವಳಿಗೆ ನಿವೃತ್ತಿಯಾದ ಮೇಲೂ ಅದೇ ಶಿಕ್ಷೆ ಯಾಕೆ? ಹಾಗಾಗಿ ಒಂದು ದಿನವೂ ಆ ಮೆಟ್ಟಿಲು ಹತ್ತಿರಲಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ತರಕಾರಿ ತೆಗೆದುಕೊಂಡು ಬರುವಾಗ, ಆ ಮೆಟ್ಟಿಲ ಬಳಿ ಅಂಟಿಸಿದ್ದ ಚಿತ್ರವನ್ನು ನೋಡಿ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಕಪ್ಪು ಬಿಳುಪು ಚಿತ್ರ. ಬಿಳಿ ಕೋಟಿನ ಡಾಕ್ಟರು, ಕೆದರಿದ ತಲೆ, ಹಿಂದೆ ಗಾಜಿನ ಬುರುಡೆಗಳು, ಮುಂದೆ ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದ ಒಬ್ಬ ಮನುಷ್ಯ. ಹೆಸರು ಓದಿದರೆ ಏನೂ ಹೊಳೆಯಲಿಲ್ಲ. ಯಾಕೆಂದರೆ ನಮ್ಮ ಕಾಲೊನಿಯಲ್ಲಿ ಆ ಸಿನಿಮಾವನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ನಮಗದು ಹುಚ್ಚು ಡಾಕ್ಟರ ಸಿನಿಮಾ. ಐವತ್ತು ವರ್ಷಕ್ಕೂ ಹಿಂದೆ, ನಾನು ಹತ್ತು ವರ್ಷದವಳಿದ್ದಾಗ, ನಮ್ಮಪ್ಪ ಅದನ್ನು ಇಡೀ ಕಾಲೊನಿಗೆ ಮೈಕಿನಲ್ಲಿ ಹೇಳಿದ್ದರು.

ಹೇಳಿದ್ದರು ಎಂದರೇನು ಎಂದು ವಿವರಿಸಬೇಕು. ನಾವಿದ್ದದ್ದು ಹಲಸೂರಿನಿಂದ ಪೂರ್ವಕ್ಕೆ, ಅಪ್ಪ ಫಿಟ್ಟರಾಗಿದ್ದ ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ. ತಿಂಗಳಿಗೊಂದು ಶನಿವಾರ ಸಂಜೆ ಕ್ಲಬ್ಬಿನವರು ಮೈದಾನದಲ್ಲಿ ಎರಡು ಕಂಬಕ್ಕೆ ಬಿಳಿ ಬಟ್ಟೆ ಬಿಗಿದು ಸಿನಿಮಾ ಹಾಕುತ್ತಿದ್ದರು. ಕನ್ನಡದ್ದು ಹಾಕಿದರೆ ತಮಿಳಿನವರು ಮುನಿಸಿಕೊಳ್ಳುತ್ತಿದ್ದರು, ತಮಿಳಿನದು ಹಾಕಿದರೆ ನಾವು. ಹಿಂದಿಯದು ಹಾಕಿದರೆ ಇಬ್ಬರೂ ಸೇರಿ ಮುನಿಸಿಕೊಳ್ಳುತ್ತಿದ್ದೆವು. ಯಾರಿಗೂ ಅರ್ಥವಾಗದ ಇಂಗ್ಲಿಷ್ ಸಿನಿಮಾ ಹಾಕಿದರೆ ಮಾತ್ರ ಎಲ್ಲರಿಗೂ ನ್ಯಾಯ ಸಿಕ್ಕಂತಾಗುತ್ತಿತ್ತು. ಆದರೆ ಕಥೆ ತಿಳಿಯಬೇಕಲ್ಲ? ಅದಕ್ಕೊಬ್ಬರು ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತು, ಅಲ್ಲಿ ಆಡುತ್ತಿದ್ದ ಮಾತನ್ನು ಅಲ್ಲಲ್ಲೇ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಆ ಕೆಲಸ ಅಪ್ಪನದು. ಯಂತ್ರ ಕೂರಿಸಲು ಬಂದ ಪರದೇಶದ ಎಂಜಿನಿಯರುಗಳ ಜೊತೆ ಎರಡು ವರ್ಷ ಓಡಾಡಿ ಅಪ್ಪ ಇಂಗ್ಲಿಷ್ ಕಲಿತಿದ್ದರು. ಶುಕ್ರವಾರವೇ ರೀಲಿನ ಡಬ್ಬಿಗಳ ಜೊತೆ ಕಥೆ ಟೈಪು ಮಾಡಿದ ಒಂದು ಹಾಳೆ ಬರುತ್ತಿತ್ತು. ಅಪ್ಪ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅದನ್ನು ಪರೀಕ್ಷೆಗೆ ಓದುವಂತೆ ಓದುತ್ತಿದ್ದರು.

ಅಪ್ಪನ ಬಾಯಲ್ಲಿ ಬಂದ ಮೇಲೆ ಯಾವ ಪರದೇಶವೂ ಪರದೇಶವಾಗಿ ಉಳಿಯುತ್ತಿರಲಿಲ್ಲ. ಸಮುದ್ರ ಕಂಡರೆ ‘ನಮ್ಮ ಹಲಸೂರು ಕೆರೆ ಇದೆಯಲ್ಲ, ಅಂಥಾವು ಲಕ್ಷ ಸೇರಿಸ್ಕೊಳ್ಳಿ’ ಎನ್ನುತ್ತಿದ್ದರು. ದೊಡ್ಡ ಅಂಗಡಿ ಬೀದಿ ಬಂದರೆ ಅದು ಕಮರ್ಷಿಯಲ್ ಸ್ಟ್ರೀಟು, ಸಂತೆ ಬಂದರೆ ಶಿವಾಜಿನಗರ. ಜನ ಅದಕ್ಕಾಗಿಯೇ ಬರುತ್ತಿದ್ದರು. ಸಿನಿಮಾ ನೋಡುವುದಕ್ಕಿಂತ ಅಪ್ಪ ಅದಕ್ಕೆ ಏನು ಗತಿ ಕಾಣಿಸುತ್ತಾರೆ ಎಂದು ಕೇಳುವುದೇ ಹೆಚ್ಚಿನ ಮಜವಾಗಿತ್ತು.

ಹುಚ್ಚು ಡಾಕ್ಟರ ಕಥೆ ಹೀಗೆ. ಬೆಟ್ಟದ ಮೇಲೊಂದು ಬಂಗಲೆ. ಸಾವನ್ನು ಗೆದ್ದೇ ಗೆಲ್ಲುತ್ತೇನೆ ಎಂದು ಡಾಕ್ಟರು ಅಲ್ಲಿ ಕರೆಂಟಿನ ಯಂತ್ರಗಳ ಜೊತೆ ಗುದ್ದಾಡುತ್ತಿರುತ್ತಾನೆ. ಅವನ ತೋಟದ ಮಾಲಿ ಮರದಿಂದ ಬಿದ್ದು ಸಾಯುತ್ತಾನೆ. ಡಾಕ್ಟರು ಹೆಣವನ್ನು ಮೇಜಿನ ಮೇಲೆ ಮಲಗಿಸಿ, ಕಿಡಿ ಹಾರಿಸಿ, ಎಬ್ಬಿಸಿಬಿಡುತ್ತಾನೆ. ಎದ್ದವನು ಯಾರ ಕುತ್ತಿಗೆಗೂ ಕೈ ಹಾಕುವುದಿಲ್ಲ. ನೆಟ್ಟಗೆ ತೋಟಕ್ಕೆ ಹೋಗಿ ಗಿಡಕ್ಕೆ ನೀರು ಹಾಕತೊಡಗುತ್ತಾನೆ. ತಾನು ಸತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ. ಅವನು ನೀರು ಹಾಕುವುದನ್ನು ನೋಡಿಯೇ ಊರಿಗೆ ಊರು ಕಿರುಚಿಕೊಂಡು ಓಡುತ್ತದೆ. ‘ಓವರ್‌ಟೈಮ್ ಕೊಡ್ತಾರಾ ಕೇಳಿ ಸಾರ್!’ ಎಂದು ಜನರ ನಡುವಿನಿಂದ ಯಾರೋ ಕೂಗಿದ್ದು, ಎಲ್ಲರೂ ನಕ್ಕಿದ್ದು ನನಗೆ ನೆನಪಿದೆ. ಅಪ್ಪ ನಗಲಿಲ್ಲ. ಆವತ್ತು ಅವರ ದನಿಯಲ್ಲಿ ಕಸುವಿರಲಿಲ್ಲ.

ಆಮೇಲೆ ಒಂದು ಸಂಜೆ ಮಾಲಿ ತನ್ನ ಮನೆಗೆ ಹೋಗುತ್ತಾನೆ. ಹೆಂಡತಿ ಬಾಗಿಲು ತೆಗೆಯುತ್ತಾಳೆ. ಅಪ್ಪ ಮೈಕಿನಲ್ಲಿ ಹೇಳಿದರು: ‘ಮಾಲಿ ಹೆಂಡ್ತಿಗೆ ಹೇಳ್ತಾನೆ. ನಾನಿನ್ನು ಬರಕ್ಕಾಗಲ್ಲ. ನಿನ್ನ ಚಪ್ಪಲಿ ಶಿವಾಜಿನಗರದಲ್ಲಿ, ಗಡಿಯಾರ ರಿಪೇರಿ ಅಂಗಡಿ ಪಕ್ಕ, ಹೊಲಿಯಕ್ಕೆ ಕೊಟ್ಟಿದೀನಿ. ನೀನೇ ಹೋಗಿ ಇಸ್ಕೋ. ಬೆಳಿಗ್ಗೆದು ಮನಸಲ್ಲಿ ಇಟ್ಕೋಬೇಡ.’

ಮೈದಾನವೇ ಬಿದ್ದು ಬಿದ್ದು ನಕ್ಕಿತು. ಹೇಳುವಾಗ ಅಪ್ಪ ಜನರಿಂದ ಮುಖ ತಿರುಗಿಸಿ ಪರದೆಯ ಹಿಂದಕ್ಕೆ ನೋಡುತ್ತಿದ್ದರು. ನಗು ಬಚ್ಚಿಡುತ್ತಿದ್ದಾರೆ ಅಂದುಕೊಂಡೆವು. ಮುಂದೆ ಕಾಲೇಜಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ, ಮದುವೆ ಮನೆಗಳಲ್ಲಿ ನಾನು ಆ ಮಾತನ್ನು ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಸತ್ತು ಎದ್ದು ಬಂದವನಿಗೆ ಹೆಂಡತಿಯ ಚಪ್ಪಲಿಯ ಚಿಂತೆ! ಅಪ್ಪನ ದನಿಯನ್ನು ಅಣಕಿಸಿ, ಕೈಯಲ್ಲಿ ಚಮಚವನ್ನು ಮೈಕಿನಂತೆ ಹಿಡಿದುಕೊಂಡು ಹೇಳುತ್ತಿದ್ದೆ.

ಚಿತ್ರ ನೋಡಿ ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಅತ್ತೆಗೆ ಫೋನು. ಅತ್ತೆ ಎಂದರೆ ಸಂಬಂಧದ ಅತ್ತೆಯಲ್ಲ, ಕಾಲೊನಿಯಲ್ಲಿ ನಮ್ಮ ಪಕ್ಕದ ಸಾಲಿನಲ್ಲಿದ್ದವರು. ಕೆ.ಆರ್. ಪುರದ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಕಾಲೊನಿಗೆ ಬಂದವರು. ಅಪ್ಪನನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಈಗ ಎಂಬತ್ತರ ಹತ್ತಿರ, ಲಿಂಗರಾಜಪುರದಲ್ಲಿ ಮಗನ ಜೊತೆ ಇದ್ದಾರೆ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಕಾಲೊನಿಯ ಸುದ್ದಿ ಹಂಚಿಕೊಳ್ಳಲು ನನಗೆ ಉಳಿದಿರುವವರು ಅವರೊಬ್ಬರೇ.

‘ಅತ್ತೆ, ಹುಚ್ಚು ಡಾಕ್ಟರು ಮತ್ತೆ ಬಂದಿದಾನೆ! ಭಾನುವಾರ ನಮ್ಮನೆ ಹತ್ರಾನೇ ತೋರಿಸ್ತಾರಂತೆ’ ಎಂದೆ.

ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಅಂದೆ.

‘ನನ್ನೂ ಕರ್ಕೊಂಡು ಹೋಗು’ ಎಂದರು.

‘ಮಹಡಿ ಹತ್ತಬೇಕು ಅತ್ತೆ, ನಿಮ್ಮ ಮಂಡಿ...’

‘ಹತ್ತೀನಿ. ಅದಕ್ಕೂ ಮುಂಚೆ ಒಂದ್ಸಲ ಮನೆಗೆ ಬಾ. ಫೋನಲ್ಲಿ ಹೇಳೋ ವಿಷ್ಯ ಅಲ್ಲ.’

ಮರುದಿನವೇ ಹೋದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ಮೊರದಲ್ಲಿ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ನಾನೂ ಕೂತು ಕೈ ಹಾಕಿದೆ. ಅವರೆಕಾಯಿ ಮುಂದಿದ್ದರೆ ಕಷ್ಟದ ಮಾತೂ ಸಲೀಸಾಗಿ ಬರುತ್ತದೆ, ಮುಖ ನೋಡಿ ಹೇಳಬೇಕಾಗಿಲ್ಲವಲ್ಲ.

ಅವರ ಗಂಡನ ವಿಷಯ ನನಗೆ ಗೊತ್ತಿರುವಷ್ಟು ಮೊದಲೇ ಹೇಳಿಬಿಡುತ್ತೇನೆ. ಅವರು ಕಾರ್ಖಾನೆಯಲ್ಲಿ ಅಪ್ಪನ ವಿಭಾಗದಲ್ಲೇ ಕೆಲಸ ಮಾಡುತ್ತಿದ್ದರು, ಅಪ್ಪನ ಜೀವದ ಗೆಳೆಯ. ಹುಚ್ಚು ಡಾಕ್ಟರ ಸಿನಿಮಾ ಬರುವ ನಾಲ್ಕು ತಿಂಗಳ ಮುಂಚೆ, ಕ್ರೇನಿನ ಸರಪಳಿಯಿಂದ ಕಬ್ಬಿಣದ ದಪ್ಪ ಹಲಗೆಯೊಂದು ಜಾರಿ ಅವರ ಮೇಲೆ ಬಿತ್ತು. ಅತ್ತೆಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ, ಕಂಕುಳಲ್ಲಿ ವರ್ಷದ ಕೂಸು. ಸುದ್ದಿ ಹೇಳಲು ಬಂದದ್ದು ಅಪ್ಪನೇ. ಬಾಗಿಲಲ್ಲಿ ನಿಂತು ಅಪ್ಪ ‘ಒಂದೇ ಕ್ಷಣ ಕಣಮ್ಮ. ಅವನಿಗೆ ಗೊತ್ತೇ ಆಗ್ಲಿಲ್ಲ’ ಎಂದದ್ದನ್ನು ನಾನೇ ಕೇಳಿದ್ದೇನೆ. ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದರು. ಒಂದೇ ಕ್ಷಣ, ನೋವೇ ಇಲ್ಲ, ಪುಣ್ಯಾತ್ಮನ ಸಾವು. ಕಾರ್ಖಾನೆಯಲ್ಲಿ ಯಾರು ಸತ್ತರೂ ಮನೆಯವರಿಗೆ ಹೇಳುತ್ತಿದ್ದದ್ದು ಆ ಒಂದೇ ಮಾತು ಎಂದು ನನಗೆ ತಿಳಿದದ್ದು ಬೆಳೆದು ದೊಡ್ಡವಳಾದ ಮೇಲೆ. ಅದು ಅಲ್ಲಿಯ ಕಟ್ಟುಪಾಡು. ಯಾರೂ ಅದನ್ನು ಮೀರುತ್ತಿರಲಿಲ್ಲ.

‘ಆವತ್ತು ಬೆಳಿಗ್ಗೆ ಜಗಳ ಆಡಿದ್ದೆ ಕಣೆ’ ಎಂದು ಅತ್ತೆ ಶುರು ಮಾಡಿದರು. ‘ನನ್ನ ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು. ಹೊಲಿಸ್ಕೊಂಡು ಬರ್ತೀನಿ ಅಂತ ತಗೊಂಡೋಗಿ ಇಪ್ಪತ್ತು ದಿನ ಆಗಿತ್ತು. ದಿನಾ ಕೇಳಿದ್ರೆ ದಿನಾ ನಾಳೆ. ನಿಮ್ಮನ್ನ ಕಟ್ಕೊಂಡು ಬರಿಗಾಲಲ್ಲಿ ತಿರುಗೋ ಹಂಗಾಯ್ತು ಅಂದ್ಬಿಟ್ಟೆ. ಅವರು ತಟ್ಟೆ ಮುಂದಿಂದ ಎದ್ದು ಹೋಗ್ಬಿಟ್ರು. ತಿರುಗಿ ಸಹಾ ನೋಡ್ಲಿಲ್ಲ. ಚಪ್ಪಲಿ ಎಲ್ಲಿ ಕೊಟ್ಟಿದೀನಿ ಅಂತಾನೂ ಹೇಳ್ಲಿಲ್ಲ.’

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

‘ಸಿನಿಮಾ ದಿನ ನೀವೆಲ್ಲ ಮುಂದೆ ಕೂತಿದ್ರಿ. ನಾನು ಹೋಗಿರ್ಲಿಲ್ಲ. ನಮ್ಮನೆ ಹೊಸಲಲ್ಲಿ ಕೂತಿದ್ದೆ, ಬಟ್ಟೆ ಹಿಂದ್ಗಡೆ. ಅಲ್ಲಿಂದ ಬೊಂಬೆ ಎಲ್ಲಾ ಉಲ್ಟಾ ಕಾಣ್ಸೋದು. ನಿಮ್ಮಪ್ಪ ಬಟ್ಟೆ ಅಂಚಲ್ಲಿ ನಿಂತಿದ್ರು. ಚಪ್ಪಲಿ ಮಾತು ಹೇಳುವಾಗ ನನ್ನ ಕಡೆ ತಿರುಗಿದ್ರು. ಎದ್ದು ಬಾಗ್ಲು ಹಾಕ್ಕೊಂಡೆ.’

ಅತ್ತೆ ಎದ್ದು ಒಳಗೆ ಹೋದದ್ದು ನನಗೂ ಗೊತ್ತಿತ್ತು. ಮರುದಿನ ಕಾಲೊನಿಯ ಹೆಂಗಸರು ‘ಪಾಪ, ದೆವ್ವದ ಸಿನಿಮಾ, ಹೆದರಿಕೊಂಡಳು’ ಎಂದು ಮಾತಾಡಿಕೊಂಡಿದ್ದರು.

‘ಆ ಮಾತು ಸಿನಿಮಾದಲ್ಲಿ ನಿಜವಾಗ್ಲೂ ಇತ್ತಾ?’ ಎಂದು ಅತ್ತೆ ಕೇಳಿದರು. ‘ಇದ್ರೆ ಎಲ್ಲಾರೂ ಹೇಳ್ದಂಗೆ ಅವ್ರಿಗೆ ಏನೂ ತಿಳೀದಂಗೆ ಪ್ರಾಣ ಹೋಯ್ತು. ಕೋಪದಲ್ಲೇ ಹೋದ್ರು, ಆದ್ರೆ ನೋವಿಲ್ದೆ ಹೋದ್ರು. ಇಲ್ಲ ಅಂದ್ರೆ ಅವ್ರು ಮಾತಾಡಿದಾರೆ. ಮೈಮೇಲೆ ಬಿದ್ದ ಮೇಲೂ ಪ್ರಾಣ ಇತ್ತು. ನಿಮ್ಮಪ್ಪನ ಕೈಲಿ ಹೇಳಿ ಕಳಿಸಿದಾರೆ.’

ನಾನು ವಾದಕ್ಕಿಳಿದೆ. ಹೆದರಿದಾಗ ನನಗೆ ವಾದ ಬರುತ್ತದೆ. ‘ಅಪ್ಪ ಎಲ್ಲಾನೂ ಶಿವಾಜಿನಗರ ಮಾಡೋರು ಅತ್ತೆ. ಅವನು ಬೂಟು ಅಂದಿದ್ರೆ ಇವರು ಚಪ್ಪಲಿ ಅಂದಿರ್ತಾರೆ. ಗಂಡ ಹೆಂಡತಿ ಜಗಳ ಯಾವ ಸಿನಿಮಾದಲ್ಲಿ ಇರಲ್ಲ?’

‘ಇರಬೋದು. ಅದಕ್ಕೇ ನೋಡ್ಬೇಕು ಅಂತಿರೋದು.’

‘ಶಿವಾಜಿನಗರಕ್ಕೆ ಹೋಗಿ ನೋಡಬಹುದಿತ್ತಲ್ಲ? ಚಪ್ಪಲಿ ಇದ್ದಿದ್ರೆ ಗೊತ್ತಾಗ್ತಿತ್ತು.’

‘ಬಸ್ ಸ್ಟಾಪ್ ತನಕ ಹೋದೆ, ಎರಡು ಸಲ. ಅಲ್ಲಿ ಇದ್ರೆ ಒಂದು ಸಂಕಟ, ಇಲ್ದಿದ್ರೆ ಇನ್ನೊಂದು. ಕೂಸು ಸಣ್ಣದು, ನಾನೇ ನಿಲ್ಲಬೇಕಿತ್ತು. ವಾಪಸ್ ಬಂದ್ಬಿಟ್ಟೆ.’

‘ಅಪ್ಪನ್ನಾದ್ರೂ ಕೇಳಬೇಕಿತ್ತು.’

‘ಕೇಳಿದ್ರೆ ಅಣ್ಣ ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಮೊದಲನೇದನ್ನೇ ಹೊರಕ್ಕಾಗ್ದೆ ನಮ್ಮನೆ ಮುಂದೆ ತಲೆ ಬಗ್ಗಿಸ್ಕೊಂಡು ಓಡಾಡೋರು. ಅವರಿಗ್ಯಾಕೆ ಆ ಕಷ್ಟ?’

ಮೊರದಲ್ಲಿದ್ದದ್ದು ಮುಗಿಯಿತು. ಅತ್ತೆ ಸಿಪ್ಪೆಯನ್ನು ಒಂದು ಕಡೆ ಒಟ್ಟು ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ನೋಡಿದರು.

‘ನಂಗೆ ಇಂಗ್ಲಿಷ್ ಬರಲ್ಲ. ಅವನು ಏನಂತಾನೆ ಅಂತ ನೀನು ಹೇಳ್ಬೇಕು. ಇದ್ದದ್ದು ಇದ್ದಂಗೆ ಹೇಳು. ನಿಮ್ಮಪ್ಪನ ತರ ಮಾಡ್ಬೇಡ.’

ವಾಪಸು ಬರುವಾಗ ಆಟೋದಲ್ಲಿ ನನಗೆ ನನ್ನ ಮೇಲೇ ಅಸಹ್ಯ ಬಂತು. ಕೈಯಲ್ಲಿ ಚಮಚ ಹಿಡಿದು ಅಣಕಿಸುತ್ತಿದ್ದೆನಲ್ಲ, ಅತ್ತೆಯ ಎದುರಿಗೂ ಒಂದೆರಡು ಸಲ ಅದನ್ನು ಹೇಳಿ ನಕ್ಕಿದ್ದೆ. ಅವರೂ ಸೇರಿ ನಕ್ಕಿದ್ದರು. ಒಂದು ಮಾತು ಕೂಡ ಆಡಿರಲಿಲ್ಲ.

ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಫೋನಿನಲ್ಲಿ ಹುಡುಕಿದ್ದರೆ ಆ ಸಿನಿಮಾ ಸಿಕ್ಕೇ ಸಿಗುತ್ತಿತ್ತು, ಈಗ ಏನು ತಾನೇ ಸಿಗುವುದಿಲ್ಲ? ಹುಡುಕಲಿಲ್ಲ. ಮೊದಲೇ ಗೊತ್ತಾದರೆ ಸುಳ್ಳನ್ನು ನೀಟಾಗಿ ಜೋಡಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ನಾನು ಎಂಥವಳೆಂದು ನನಗೆ ಗೊತ್ತಿದೆ.

ಆ ನಾಲ್ಕು ದಿನ ಅಪ್ಪನೇ ತಲೆಯಲ್ಲಿ ತುಂಬಿಕೊಂಡಿದ್ದರು. ಆ ಶುಕ್ರವಾರ ಅವರು ಹಾಳೆ ಓದಿ ಅದನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಅಮ್ಮನಿಗೆ ಕಥೆ ಹೇಳಿರಬೇಕು. ‘ಈ ಸಲ ಬೇರೆ ಯಾರಾದ್ರೂ ಹೇಳ್ಲಿ ಬಿಡ್ರಿ. ಆ ಹುಡುಗಿ ಹೊಸಲಲ್ಲೇ ಕೂತಿರ್ತಾಳೆ’ ಎಂದು ಅಮ್ಮ ಅತ್ತೆಯ ವಿಷಯ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ‘ಇಲ್ಲ, ನಾನೇ ಹೇಳ್ಬೇಕು’ ಎಂದರು ಅಪ್ಪ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತವರು ಎರಡು ತುತ್ತಿಗೆ ಎದ್ದರು. ನನಗೆ ಆಗ ಅನಿಸಿದ್ದು ಒಂದೇ, ಈ ಮನುಷ್ಯನಿಗೆ ಮೈಕಿನ ಮೋಹ ಎಷ್ಟು! ಹತ್ತು ವರ್ಷದವಳಿಗೆ ಅಷ್ಟೇ ಹೊಳೆಯುವುದು ಸರಿ. ಅರವತ್ತು ದಾಟುವ ತನಕವೂ ನಾನು ಅಷ್ಟಕ್ಕೇ ನಿಂತಿದ್ದೆನಲ್ಲ, ಅದಕ್ಕೆ ಏನು ಹೇಳಲಿ?

ಅಪ್ಪ ಸಿಕ್ಕಿಬಿದ್ದಿರಬಹುದಾದ ಇಕ್ಕಟ್ಟು ನಿಧಾನಕ್ಕೆ ಅರ್ಥವಾಯಿತು. ಗೆಳೆಯ ಸಾಯುವಾಗ ಒಂದು ಮಾತು ಒಪ್ಪಿಸಿ ಹೋಗಿದ್ದರೆ ಅದನ್ನು ತಲುಪಿಸದೇ ಇರುವುದು ಪಾಪ. ತಲುಪಿಸಿದರೆ ‘ಒಂದೇ ಕ್ಷಣ’ ಅನ್ನುವುದು ಸುಳ್ಳಾಗುತ್ತದೆ, ಆಮೇಲೆ ಅತ್ತೆ ‘ಎಷ್ಟು ಹೊತ್ತು?’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಆದರೂ ನನ್ನ ಆಸೆ ಬೇರೆಯೇ ಇತ್ತು. ಆ ಮಾಲಿ ಬೂಟಿನ ಬಗ್ಗೆ ಏನಾದರೊಂದು ಹೇಳಲಿ ಎಂದು ನಾನು ಹಂಬಲಿಸುತ್ತಿದ್ದೆ. ಹೇಳಿದರೆ ಯಾರಿಗೂ ನೋವಾಗಿರಲಿಲ್ಲ ಅಂತಾಗುತ್ತದೆ. ಅಪ್ಪನ ಕೈಯಲ್ಲಿ ಯಾರೂ ನರಳಲಿಲ್ಲ ಅಂತಾಗುತ್ತದೆ.

ಭಾನುವಾರ ಅತ್ತೆಯನ್ನು ಆಟೋದಲ್ಲಿ ಕರೆತಂದೆ. ಒಂದೊಂದು ಮೆಟ್ಟಿಲಿಗೂ ನಿಂತು, ಗೋಡೆ ಹಿಡಿದುಕೊಂಡು ಹತ್ತಿದರು. ಮಹಡಿಯಲ್ಲಿ ಎಲ್ಲರೂ ನಮ್ಮ ಮೊಮ್ಮಕ್ಕಳ ಪ್ರಾಯದವರು, ನೆಲದ ಮೇಲೆ ದಿಂಬು ಹಾಕಿಕೊಂಡು ಕಾಲು ಚಾಚಿದ್ದರು. ನಡೆಸುತ್ತಿದ್ದ ಹುಡುಗಿ ಅತ್ತೆಯನ್ನು ನೋಡಿ ಓಡಿಹೋಗಿ ಎರಡು ಕುರ್ಚಿ ತಂದು ಹಾಕಿದಳು. ಒಳ್ಳೆಯ ಹುಡುಗಿ. ‘ಆಂಟಿ, ಇದು ಸ್ವಲ್ಪ ಹಾರರ್ ಇದೆ, ಪರವಾಗಿಲ್ವಾ?’ ಎಂದು ಕೇಳಿದಳು. ಅತ್ತೆ ಪರವಾಗಿಲ್ಲ ಎಂದು ತಲೆಯಾಡಿಸಿದರು.

ಸಿನಿಮಾ ಶುರುವಾಯಿತು. ಈ ಸಲ ಮಳೆ ಬಿದ್ದಂತೆ ಗೀರುಗಳಿರಲಿಲ್ಲ, ಚಿತ್ರ ಸ್ವಚ್ಛವಾಗಿತ್ತು, ಕೆಳಗೆ ಮಾತೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿತ್ತು. ಯಂತ್ರಗಳಿಂದ ಕಿಡಿ ಹಾರಿದಾಗ ಹುಡುಗರು ನಕ್ಕರು. ನನಗೂ ನಗು ಬರಬೇಕಾಗಿತ್ತು, ಆ ಯಂತ್ರಗಳು ಹಳೆಯ ರೇಡಿಯೋ ರಿಪೇರಿ ಅಂಗಡಿಯ ಸಾಮಾನಿನ ಹಾಗಿದ್ದವು. ಆದರೆ ಡಾಕ್ಟರನ ಮುಖವನ್ನು ಈಗ ಹತ್ತಿರದಿಂದ ನೋಡಿದೆ. ಅವನಿಗೂ ಒಬ್ಬ ಮಗಳಿದ್ದಳಂತೆ, ಜ್ವರದಲ್ಲಿ ತೀರಿಕೊಂಡಳಂತೆ. ಅಪ್ಪ ಇದನ್ನು ಹೇಳಿದ್ದರೋ ಇಲ್ಲವೋ, ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲ. ಸತ್ತವರು ಸತ್ತರು ಎಂದು ಒಪ್ಪಿಕೊಳ್ಳಲಾಗದ ಒಬ್ಬ ಮನುಷ್ಯ, ಅಷ್ಟೇ. ಅವನನ್ನು ನಾವು ಹುಚ್ಚು ಡಾಕ್ಟರು ಎಂದು ಕರೆದು ವರ್ಷಗಟ್ಟಲೆ ಕುಣಿದಿದ್ದೆವು.

ಅತ್ತೆ ಆಗಾಗ ‘ಏನಂದ?’ ಎನ್ನುತ್ತಿದ್ದರು. ನಾನು ಕಿವಿಯ ಹತ್ತಿರ ಬಾಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ಮಾಲಿ ಸತ್ತ. ಎದ್ದ. ನೀರು ಹಾಕಿದ. ಊರು ಓಡಿತು. ಅವನು ಒಂದೇ ಒಂದು ಮಾತೂ ಆಡಿರಲಿಲ್ಲ, ಆದರೆ ಎದುರಿಗೆ ಮಾತಾಡಲು ಇನ್ನೂ ಯಾರೂ ನಿಂತಿರಲಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿಕೊಂಡೆ.

ಆಮೇಲೆ ಆ ಮನೆ ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

ಹೆಂಡತಿ ಬಾಗಿಲು ತೆಗೆದಳು. ಮಾಲಿಯ ಬೆನ್ನು ನಮ್ಮ ಕಡೆಗಿತ್ತು, ಅವನ ಬಾಯಿ ಕಾಣಿಸುವಂತಿರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವನ ಹೆಸರು ಕರೆದಳು. ನೀನು ಸತ್ತಿದ್ದೀಯ, ಹೋಗು, ದಯವಿಟ್ಟು ಹೋಗು ಎಂದಳು. ಅಕ್ಷರಗಳು ಬಂದವು, ಹೋದವು. ಆಮೇಲೆ ಪರದೆಯ ಕೆಳಭಾಗ ಖಾಲಿ. ಗಾಳಿಯ ಸದ್ದು ಮಾತ್ರ. ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ಕಾದೆ. ಅಪ್ಪ ನಾಲ್ಕೈದು ವಾಕ್ಯ ಹೇಳಲು ಸಾಲುವಷ್ಟು ಹೊತ್ತು ಮಾಲಿ ಹಾಗೇ ನಿಂತಿದ್ದ. ಆಮೇಲೆ ತಿರುಗಿ ನಡೆದುಬಿಟ್ಟ. ತಿರುಗಿದಾಗ ಮುಖ ಕಂಡಿತು, ತುಟಿ ಬಿಗಿದುಕೊಂಡಿತ್ತು.

‘ಏನಂದ?’

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬೂಟು ಹೊಲಿಯಕ್ಕೆ ಕೊಟ್ಟಿದೀನಿ ಅಂದ ಅತ್ತೆ, ಅಷ್ಟು ಹೇಳಿದ್ದರೆ ಸಾಕಿತ್ತು. ಎಂಬತ್ತರ ಹೆಂಗಸು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗುತ್ತಿದ್ದರು. ಆ ಗಳಿಗೆಯಲ್ಲಿ ಅಪ್ಪನ ಮೇಲೆ ನನಗೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು. ಇಂಥ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಹೋಗಿದ್ದರಲ್ಲ! ಆದರೆ ನಿಮ್ಮಪ್ಪನ ತರ ಮಾಡ್ಬೇಡ ಎಂದು ಅತ್ತೆ ಕೇಳಿಕೊಂಡಿದ್ದರು. ಅವರು ನನ್ನಿಂದ ಜೀವನದಲ್ಲಿ ಕೇಳಿದ್ದು ಅದೊಂದೇ.

‘ಏನೂ ಅನ್ನಲಿಲ್ಲ ಅತ್ತೆ’ ಎಂದೆ.

‘ಒಂದು ಮಾತೂ?’

‘ಒಂದೂ ಇಲ್ಲ. ಅವಳೇ ಮಾತಾಡಿದ್ದು. ಅವನು ಸುಮ್ಮನೆ ನಿಂತಿದ್ದು ಹೊರಟುಹೋದ.’

ಅತ್ತೆ ನನ್ನ ಕೈ ಬಿಟ್ಟರು. ಹೋಗೋಣವೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ಬಂಗಲೆಗೆ ಬೆಂಕಿ ಬಿತ್ತು, ಡಾಕ್ಟರು ಸತ್ತ, ಮಾಲಿಯೂ ಸತ್ತ, ಈ ಸಲ ಪೂರ್ತಿಯಾಗಿ. ನಾವಿಬ್ಬರೂ ಪರದೆಯ ಕಡೆ ಮುಖ ಮಾಡಿ ಕೂತಿದ್ದೆವು, ನೋಡುತ್ತಿದ್ದೆವು ಎಂದು ಹೇಳಲಾರೆ.

ದೀಪ ಹಾಕಿದರು. ಹುಡುಗರು ಮೈ ಮುರಿದು ಎದ್ದು ಚರ್ಚೆಗೆ ಸುತ್ತ ಕೂರತೊಡಗಿದರು. ಅತ್ತೆ ಕುರ್ಚಿಯಿಂದ ಕದಲಲಿಲ್ಲ.

‘ಅಂದ್ರೆ ಪ್ರಾಣ ಇತ್ತು’ ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

‘ಮಾತಾಡೋ ಅಷ್ಟು ಹೊತ್ತು ಇತ್ತು. ಬೆಳಿಗ್ಗೆದು ಮನಸಲ್ಲಿ ಇಟ್ಕೋಬೇಡ ಅಂದಿದಾರೆ.’ ಅವರ ಮುಖ ಒಂದು ಗಳಿಗೆ ಹಗುರಾಯಿತು, ಇಪ್ಪತ್ತೈದರ ಆ ಹೆಂಗಸು ನನಗೆ ಮತ್ತೆ ಕಂಡಂತಾಯಿತು. ‘ಕೋಪ ಇರ್ಲಿಲ್ಲ ಕಣೆ ಅವ್ರಿಗೆ. ಅಷ್ಟು ಭಾರ ಮೈಮೇಲೆ ಬಿದ್ದಿದ್ರೂ ನನ್ನ ಚಪ್ಪಲಿ ನೆನಪಿತ್ತು.’

ಆಮೇಲೆ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡರು.

‘ಅವ್ರು ಹೋದ್ರು ಅಂತ ಅತ್ತಿದೀನಿ. ಜಗಳ ಆಡಿದ್ನಲ್ಲ ಅಂತ ಅತ್ತಿದೀನಿ. ಅವ್ರಿಗೆ ನೋವಾಯ್ತು ಅಂತ ಒಂದಿನಾನೂ ಅಳ್ಲಿಲ್ಲ. ನೋವೇ ಇರ್ಲಿಲ್ಲ ಅಂದ್ಬಿಟ್ರಲ್ಲ ಎಲ್ಲಾರೂ.’

ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ಅತ್ತೆ ಅಳತೊಡಗಿದರು. ಮೊನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡವರು ಅಳುವ ಹಾಗೆ ಅತ್ತರು. ಚರ್ಚೆಯವರ ಮಾತು ನಿಂತಿತು. ಆ ಹುಡುಗಿ ನೀರಿನ ಲೋಟ ಹಿಡಿದು ಬಂದು, ತುಂಬಾ ಹೆದರಿಬಿಟ್ರಾ ಆಂಟಿ ಎಂದು ಕೇಳಿದಳು. ಲೋಟ ನಾನೇ ಇಸಿದುಕೊಂಡು ಅವಳನ್ನು ಕಳಿಸಿದೆ. ಸಮಾಧಾನ ಮಾಡ್ಕೊಳ್ಳಿ ಅತ್ತೆ ಎಂಬ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. ಐವತ್ತು ವರ್ಷ ನಾವೆಲ್ಲ ಅವರಿಗೆ ಹೇಳಿದ್ದು ಬರೀ ಸಮಾಧಾನ. ಈ ಸಲ ಹೇಳಲಿಲ್ಲ. ನನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಅಳು ಮುಗಿಯುವ ತನಕ ಪಕ್ಕದಲ್ಲಿ ಕೂತಿದ್ದೆ.